ರಸ್ತೆಯ ಅಡಿಯ ನೀರು

(ಬಾನುಲಿ ಭಾಷಣ)

ರಸ್ತೆಯನ್ನು ಹಾಳುಮಾಡುವುದು ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಲಾರಿಯ ಕಡೆಗೆ ಬೆರಳು ತೋರಿಸುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದೇ ಲಾರಿಗಳು ಬೇಸಗೆಯುದ್ದಕ್ಕೂ ಓಡಾಡಿದಾಗ ಜಗ್ಗದ ರಸ್ತೆ ಆಷಾಢ ಶ್ರಾವಣಗಳಲ್ಲಿ ಗುಂಡಿ ಬೀಳುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಚರಿತ್ರೆಗೆ ಸುಮಾರು ಎರಡೂವರೆ ಶತಮಾನಗಳ ವಯಸ್ಸಾಗಿದೆ. ಆ ಅವಧಿಯಲ್ಲಿ ಒಂದು ಸತ್ಯ ದೊರೆತಿತು, ಮರೆತುಹೋಯಿತು, ಬಹಳ ಹಣ ತೆತ್ತ ಮೇಲೆ ಮತ್ತೊಮ್ಮೆ ದೊರೆಯಿತು. ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಈ ವಿಷಯದತ್ತ ಸೆಳೆದದ್ದು ಒಬ್ಬ ಕವಿಯ ಶ್ಲೇಷೆ.

ಇಂಗ್ಲೆಂಡಿನ ಆಸ್ಥಾನಕವಿ ರಾಬರ್ಟ್ ಸೌದಿ 1819ರಲ್ಲಿ ತನ್ನ ಗೆಳೆಯ ಥಾಮಸ್ ಟೆಲ್‌ಫರ್ಡ್‌ನೊಡನೆ ಸ್ಕಾಟ್ಲೆಂಡನ್ನು ಸುತ್ತಿಬಂದ. ಟೆಲ್‌ಫರ್ಡ್ ಕುರುಬನ ಮಗ. ಕಲ್ಲುಕುಟಿಗನಾಗಿ ಬದುಕು ಆರಂಭಿಸಿ, ರಸ್ತೆ, ಸೇತುವೆ, ಕಾಲುವೆಗಳ ಮಹಾಶಿಲ್ಪಿಯಾಗಿ ಬೆಳೆದವನು. ಬಿಡುವಿನಲ್ಲಿ ಪದ್ಯವನ್ನೂ ಬರೆಯುತ್ತಿದ್ದವನು. ಪ್ರಾಚೀನ ಗ್ರೀಸಿನ ರೋಡ್ಸ್ ದ್ವೀಪದಲ್ಲಿದ್ದ ಮಹಾಪ್ರತಿಮೆಯನ್ನು ನೆನೆದು ಸೌದಿ ಅವನನ್ನು ‘ರೋಡ್ಸ್‌ನ ಮಹಾಪ್ರತಿಮೆ’ ಎಂದು ಕರೆದ. ದ್ವೀಪದ ಹೆಸರೂ ರಸ್ತೆಗಳೆಂಬ ಇಂಗ್ಲಿಷ್ ಪದವೂ ಕಿವಿಗೆ ಒಂದೇ. ಈ ಶ್ಲೇಷೆ ಕನ್ನಡ ಲಿಪಿಯಲ್ಲಿ ಕಣ್ಣಿಗೂ ಒಂದೇ ಆಗಿ ಕಾಣುತ್ತದೆ.

ಟೆಲ್‌ಫರ್ಡ್‌ಗಿಂತ ಮೊದಲೇ ಫ್ರಾನ್ಸಿನಲ್ಲಿ ಪಿಯೆರ್ ತ್ರೆಸಾಗೆ ಎಂಬ ಎಂಜಿನಿಯರು ಒಂದು ಮುಖ್ಯವಾದ ಹೆಜ್ಜೆಯಿಟ್ಟಿದ್ದ. ಲಿಮೋಜ್ ಪ್ರಾಂತದಲ್ಲಿ ಕೆಲಸಮಾಡುತ್ತಿದ್ದ ಅವನು 1775ರಲ್ಲಿ ತನ್ನ ವಿಧಾನವನ್ನು ಬರೆದಿಟ್ಟ. ರಸ್ತೆಯ ಮೇಲ್ಮೈಯನ್ನು ಆಮೆಯ ಬೆನ್ನಿನಂತೆ ಉಬ್ಬಿಸುವುದು ಹಳೆಯ ರೂಢಿ. ತ್ರೆಸಾಗೆ, ಕಲ್ಲು ಹಾಸುವ ಮೊದಲು ಅಡಿಯ ನೆಲವನ್ನೇ ಹಾಗೆ ಉಬ್ಬಿಸಬೇಕೆಂದ. ಮೇಲಿನಿಂದ ಇಂಗಿದ ನೀರು ಅಡಿಯಲ್ಲಿ ತಂಗದೆ ಎರಡು ಬದಿಗೂ ಜಾರಬೇಕೆಂಬುದು ಅವನ ಆಶಯ. ಕಣ್ಣಿಗೆ ಕಾಣದ ಪದರವೂ ನೀರಿನ ದಾರಿಯೇ ಎಂಬ ತಿಳಿವಳಿಕೆ ಇದರಲ್ಲಿದೆ.

ಇನ್ನು ನಮ್ಮ ಕಥೆಯ ಮುಖ್ಯ ಪಾತ್ರ ಜಾನ್ ಲೌಡನ್ ಮೆಕಾಡಂ. 1756ರಲ್ಲಿ ಸ್ಕಾಟ್ಲೆಂಡಿನ ಏರ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಹೋಗಿ ವ್ಯಾಪಾರದಲ್ಲಿ ಸಂಪಾದಿಸಿ, 1783ರಲ್ಲಿ ತಾಯ್ನಾಡಿಗೆ ಮರಳಿದವನು. ಸ್ವಂತ ಖರ್ಚಿನಲ್ಲಿ ವರ್ಷಗಟ್ಟಲೆ ದೇಶದ ರಸ್ತೆಗಳನ್ನು ಸುತ್ತಿ ನೋಡಿದ. 1816ರಲ್ಲಿ ಬ್ರಿಸ್ಟಲ್ ಪ್ರದೇಶದ ರಸ್ತೆಗಳ ಹೊಣೆ ಅವನಿಗೆ ಬಂದಿತು. ಅವನ ಸಿದ್ಧಾಂತ ಅಂದಿನವರಿಗೆ ವಿಪರೀತವಾಗಿ ತೋರಿತು. ಬಂಡಿಯ ಭಾರವನ್ನು ನಿಜವಾಗಿ ಹೊರುವುದು ಕಲ್ಲಲ್ಲ, ಅಡಿಯ ಮಣ್ಣು. ಆ ಮಣ್ಣನ್ನು ಒಣಗಿರಿಸಿದರೆ ಎಷ್ಟು ಭಾರವನ್ನಾದರೂ ತಾಳುತ್ತದೆ. ಕಲ್ಲಿನ ಹಾಸು ಮಣ್ಣಿಗೆ ಹೊದಿಸಿದ ಸೂರು ಮಾತ್ರ ಎಂಬುದು ಅವನ ವಾದ.

ಅದಕ್ಕಾಗಿ ಅವನು ರಸ್ತೆಯನ್ನು ಅಕ್ಕಪಕ್ಕದ ನೆಲಕ್ಕಿಂತ ಎತ್ತರಿಸಿದ; ಬದಿಗಳಲ್ಲಿ ಚರಂಡಿ ತೋಡಿಸಿದ. 6 ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ, ಹೆಚ್ಚು ತೂಗದ ಮೊನಚು ಜಲ್ಲಿಯನ್ನು ಸುಮಾರು 10 ಅಂಗುಲ ದಪ್ಪಕ್ಕೆ ಹಾಸಿದ. ಬಂಡಿಗಳ ತುಳಿತಕ್ಕೆ ಅದೇ ಕಚ್ಚಿಕೊಂಡು ಗಟ್ಟಿಯಾಗುತ್ತಿತ್ತು. ಈ ಜಲ್ಲಿಯನ್ನು ಸಣ್ಣ ಸುತ್ತಿಗೆ ಹಿಡಿದು ಕುಳಿತು ಒಡೆದವರಲ್ಲಿ ಹೆಂಗಸರೂ ಮುದುಕರೂ ಮಕ್ಕಳೂ ಇದ್ದರು. ಮೆಕಾಡಂನ ಹೆಸರು ನಿಘಂಟಿಗೆ ಸೇರಿತು. ಅವರ ಹೆಸರು ಯಾವ ಕಡತಕ್ಕೂ ಸೇರಲಿಲ್ಲ. 1819ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಮೆಕಾಡಂ ಸಾಮರ್ಸೆಟ್ ಪ್ರದೇಶದ ಜೌಗಿನ ಮೇಲೆ ಹಾಯ್ದ ರಸ್ತೆಯೊಂದನ್ನು ನಿದರ್ಶನವಾಗಿ ಕೊಟ್ಟ. ಅಲ್ಲಿ ಗಾಡಿ ಹೋಗುವಾಗ ಪಕ್ಕದ ಕಾಲುವೆಯ ನೀರು ನಡುಗುತ್ತಿತ್ತು. ರಸ್ತೆ ಮಾತ್ರ ಚೆನ್ನಾಗಿತ್ತು.

ಟೆಲ್‌ಫರ್ಡ್ ಇದನ್ನು ಒಪ್ಪಲಿಲ್ಲ. ಅವನು ಅಡಿಯಲ್ಲಿ ದೊಡ್ಡ ಕಲ್ಲುಗಳನ್ನು ಕೈಯಿಂದ ಒಂದೊಂದಾಗಿ ಜೋಡಿಸಿ ಅದರ ಮೇಲೆ ಜಲ್ಲಿ ಹಾಸುತ್ತಿದ್ದ. ರಸ್ತೆಯ ಅಡಿಯಲ್ಲೇ ಅಡ್ಡಮೋರಿಗಳನ್ನು ಕಟ್ಟಿಸುತ್ತಿದ್ದ. ಚರಿತ್ರೆಕಾರರು ಇವರಿಬ್ಬರನ್ನು ಪ್ರತಿಸ್ಪರ್ಧಿಗಳಾಗಿ ಚಿತ್ರಿಸುವುದು ವಾಡಿಕೆ. ನನಗಾದರೋ ಇಬ್ಬರೂ ಒಂದೇ ಶತ್ರುವಿನೊಡನೆ ಎರಡು ಬಾಗಿಲಲ್ಲಿ ನಿಂತು ಕಾದಿದಂತೆ ತೋರುತ್ತದೆ. ನೀರನ್ನು ಒಳಗೆ ಬಿಡಬೇಡಿ ಎಂದವನು ಒಬ್ಬ. ಬಂದ ನೀರನ್ನು ಹೊರಗೆ ಕಳುಹಿಸಿ ಎಂದವನು ಇನ್ನೊಬ್ಬ.

ಮುಂದೆ ಮೋಟಾರು ಬಂದಿತು. ಅದರ ರಬ್ಬರ್ ಚಕ್ರಗಳು ಮೆಕಾಡಂ ರಸ್ತೆಯ ಧೂಳನ್ನು ಹೀರಿ ಎಬ್ಬಿಸಿದವು. 1902ರಲ್ಲಿ ಮೊನಾಕೊದಲ್ಲಿ ಗುಲಿಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯ ಧೂಳಡಗಿಸಲು ರಸ್ತೆಗೆ ಟಾರು ಬಳಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೂಲಿ ಎಂಬಾತ ಟಾರು ಬೆರೆಸಿದ ಜಲ್ಲಿಗೆ ಹಕ್ಕುಪತ್ರ ಪಡೆದ. ಕ್ರಮೇಣ ಕಲ್ಲಿದ್ದಲಿನ ಟಾರಿನ ಸ್ಥಾನವನ್ನು ಪೆಟ್ರೋಲಿಯಮ್ಮಿನಿಂದ ಬಂದ ಬಿಟುಮೆನ್ ಆಕ್ರಮಿಸಿತು. ನಾವು ಮಾತ್ರ ಇಂದಿಗೂ ಎರಡನ್ನೂ ಡಾಂಬರೆಂದೇ ಕರೆಯುತ್ತೇವೆ. ಈ ಕಪ್ಪು ಹೊದಿಕೆಯನ್ನು ಕಂಡವರಿಗೆ ಮೆಕಾಡಂ ಬಯಸಿದ ಸೂರು ಕೊನೆಗೂ ಸಿದ್ಧವಾಯಿತೆಂಬ ಭ್ರಮೆ ಹುಟ್ಟಿತು. ಸೂರು ಭದ್ರವಾದ ಮೇಲೆ ಟೆಲ್‌ಫರ್ಡ್‌ನ ಮೋರಿಗಳೇಕೆ ಎಂಬ ಉದಾಸೀನ ಅದರ ಹಿಂದೆಯೇ ಬಂದಿತು.

ಆದರೆ ಡಾಂಬರು ಸೋರದ ಸೂರಲ್ಲ. ಬಿಸಿಲಿಗೆ ಅದು ಗಡುಸಾಗಿ ಬಿರಿಯುತ್ತದೆ. ಬಿರುಕಿನಿಂದಲೂ ಅಂಚಿನಿಂದಲೂ ನೀರು ಇಳಿಯುತ್ತದೆ. ಪಕ್ಕದ ಎತ್ತರದ ನೆಲದಿಂದ ಒಸರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವಂತೆ ಕೆಳಗಿನಿಂದಲೂ ಏರುತ್ತದೆ. ಹಾಗೆ ಏರಿದ ತೇವ ಆರಿಹೋಗದಂತೆ ಆ ಹೊದಿಕೆಯೇ ತಡೆಯುತ್ತದೆ. ಜೇಡಿಮಣ್ಣಿನಲ್ಲಿ ತೋಡಿ ಜಲ್ಲಿ ತುಂಬಿದ ರಸ್ತೆ, ಹೊರದಾರಿಯಿಲ್ಲದಿದ್ದರೆ, ಒಂದು ಉದ್ದನೆಯ ತೊಟ್ಟಿಯಾಗುತ್ತದೆ. ಒಣ ಜಲ್ಲಿಯಲ್ಲಿ ಕಲ್ಲು ಕಲ್ಲನ್ನು ಒತ್ತಿ ನಿಲ್ಲುತ್ತದೆ. ಆ ಘರ್ಷಣೆಯೇ ರಸ್ತೆಯ ಬಲ. ಸಂದುಗಳಲ್ಲಿ ನೀರು ತುಂಬಿದಾಗ ಚಕ್ರದ ಭಾರ ನೀರಿನ ಮೇಲೂ ಬೀಳುತ್ತದೆ. ನೀರು ಕುಗ್ಗುವ ವಸ್ತುವಲ್ಲ. ಅದರ ಒತ್ತಡ ಕಲ್ಲುಗಳ ಹಿಡಿತವನ್ನು ಸಡಿಲಿಸುತ್ತದೆ. ಬಿರುಕಿನಿಂದ ಹೊರಗೆ ಚಿಮ್ಮುವಾಗ ಅದು ನುಣುಪು ಮಣ್ಣನ್ನೂ ಹೊತ್ತು ತರುತ್ತದೆ. ಅಡಿಯಲ್ಲಿ ಪೊಳ್ಳು ಬೆಳೆದು ಮೇಲಿನ ಹೊದಿಕೆ ಬಾಗಿ ಒಡೆಯುತ್ತದೆ. ಬೆಣಚಿನ ಅಂಶ ಹೆಚ್ಚಾಗಿರುವ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆಯೇ ಒಲವು; ಅಂಥ ಕಡೆ ಅಂಟಿದ ಡಾಂಬರೂ ಸುಲಿದುಬರುತ್ತದೆ.

ಈ ಪಾಠವನ್ನು ಲೆಕ್ಕದಲ್ಲಿ ತೋರಿಸಿದ್ದು ಅಮೆರಿಕ. ಇಲಿನಾಯ್ ರಾಜ್ಯದ ಒಟಾವ ಎಂಬ ಊರಿನ ಬಳಿ, ‘ಆಶೋ’ ಎಂದು ಸಂಕ್ಷೇಪಗೊಂಡ ಹೆದ್ದಾರಿ ಅಧಿಕಾರಿಗಳ ಸಂಘ ಸುಮಾರು 2 ಕೋಟಿ 70 ಲಕ್ಷ ಡಾಲರು ವೆಚ್ಚದಲ್ಲಿ ಆರು ಸುತ್ತುರಸ್ತೆಗಳನ್ನು ಕಟ್ಟಿಸಿತು. 1958ರ ಅಕ್ಟೋಬರಿನಿಂದ 1960ರ ನವೆಂಬರಿನವರೆಗೆ ಸೈನಿಕರು ಅವುಗಳ ಪೈಕಿ ಐದರ ಮೇಲೆ ಹಗಲಿರುಳು ಭಾರದ ಲಾರಿಗಳನ್ನು ಓಡಿಸಿದರು. ಒಟ್ಟು 11 ಲಕ್ಷಕ್ಕೂ ಮಿಗಿಲಾಗಿ ಅಚ್ಚುಗಳ ಭಾರ ಅವುಗಳ ಮೇಲೆ ಹಾಯಿತು. ಡಾಂಬರು ರಸ್ತೆಗಳ ಪತನದಲ್ಲಿ ಬಹುಪಾಲು ಸಂಭವಿಸಿದ್ದು ವಸಂತದ ಆರಂಭದಲ್ಲಿ, ನೆಲದೊಳಗಿನ ಹಿಮ ಕರಗುವಾಗ. ಮೇಲಿನ ಹಿಮ ಮೊದಲು ಕರಗುತ್ತದೆ. ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರಿಗೆ ಇಳಿಯಲು ದಾರಿಯಿಲ್ಲ. ಹ್ಯಾರಿ ಸೆಡರ್‌ಗ್ರೆನ್ ಎಂಬ ಎಂಜಿನಿಯರು, ರಸ್ತೆಯ ಅಡಿಯಿಂದ ನೀರನ್ನು ಬೇಗನೆ ಹೊರಸಾಗಿಸದೆ ದಪ್ಪವನ್ನು ಮಾತ್ರ ಹೆಚ್ಚಿಸುವುದು ವ್ಯರ್ಥವೆಂದು 1974ರಲ್ಲಿ ಒಂದು ಗ್ರಂಥವನ್ನೇ ಬರೆದ. 1986ರಲ್ಲಿ ಆ ಸಂಘದ ಕೈಪಿಡಿ, ನೀರು ಹರಿದುಹೋಗುವ ಗುಣವನ್ನು ರಸ್ತೆಯ ದಪ್ಪದ ಲೆಕ್ಕಕ್ಕೆ ಸೇರಿಸಿಕೊಂಡಿತು. ತ್ರೆಸಾಗೆ ಬರೆದದ್ದಕ್ಕೆ ಅಂದಿಗೆ 211 ವರ್ಷ ತುಂಬಿತ್ತು.

ನಮ್ಮಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ. ಆ ಕೆಲಸವನ್ನು ಮುಂಗಾರು ಬೇರೆ ರೀತಿಯಲ್ಲಿ ಮಾಡುತ್ತದೆ. ಧಾರವಾಡ, ಗದಗ, ವಿಜಯಪುರಗಳ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಾಯಿಬಿಡುತ್ತದೆ. ಅದರ ಮೇಲಿನ ರಸ್ತೆಯೂ ಅದರೊಡನೆ ಏಳುತ್ತ ಬೀಳುತ್ತ ಇರಬೇಕು. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1994ರಲ್ಲಿ ರಸ್ತೆಯ ನೀರಿನ ವಿಲೇವಾರಿಗಾಗಿಯೇ ಒಂದು ಕೈಪಿಡಿಯನ್ನು ಪ್ರಕಟಿಸಿತು. ಆದುದರಿಂದ ತಿಳಿವಳಿಕೆಯ ಕೊರತೆಯೆಂದು ನಾವು ಹೇಳುವಂತಿಲ್ಲ. ಕೆರೆ ಕಟ್ಟುವಾಗಲೇ ಕೋಡಿ ಕಟ್ಟಿದ ಜನ ನಾವು. ಮಿಕ್ಕ ನೀರಿಗೆ ದಾರಿ ತೋರದಿದ್ದರೆ ಏರಿ ಉಳಿಯದೆಂಬುದನ್ನು ನಮ್ಮ ಒಡ್ಡರು ಯಾವ ಗ್ರಂಥದ ನೆರವೂ ಇಲ್ಲದೆ ಅರಿತಿದ್ದರು.

ಕೇಳುಗ ಮಿತ್ರರೇ, ನಿಮ್ಮ ಬೀದಿಗೆ ಹೊಸ ಡಾಂಬರು ಬಿದ್ದಾಗ ಅದರ ಕಪ್ಪು ಹೊಳಪನ್ನು ಮೆಚ್ಚುವ ಮೊದಲು ಒಂದಿಷ್ಟು ಅಂಚಿಗೆ ನಡೆದು ನೋಡಿ. ಚರಂಡಿ ರಸ್ತೆಯ ತಳಕ್ಕಿಂತ ಕೆಳಗಿದೆಯೇ? ಅದಕ್ಕೊಂದು ಕೊನೆಯುಂಟೇ, ಅಥವಾ ಯಾರದೋ ಗೋಡೆಗೆ ಹೋಗಿ ನಿಲ್ಲುತ್ತದೆಯೇ? ಹಳೆಯದರ ಮೇಲೆ ಮತ್ತೊಂದು ಪದರ ಹೊದಿಸುವ ಭರದಲ್ಲಿ ಮೋರಿಯ ಬಾಯಿಯನ್ನೇ ಮುಚ್ಚಿದ್ದಾರೆಯೇ? ನಾವೂ ಅದರೊಳಗೆ ಕಸ ಸುರಿದಿದ್ದೇವೆಯೇ? ರಸ್ತೆಯ ಆಯುಸ್ಸನ್ನು ಕುರಿತು ಗುತ್ತಿಗೆದಾರನ ಬಾಯಿಂದ ಬಾರದ ಉತ್ತರ ಅಲ್ಲಿ ಸಿಗುತ್ತದೆ. ಆ ಪ್ರಶ್ನೆಗಳನ್ನು ಮಳೆ ಬರುವ ಮುನ್ನವೇ ಕೇಳುವುದು ಒಳ್ಳೆಯದು.