ಇಬ್ಬರು ಬಟ್ಟೆ ವ್ಯಾಪಾರಿಗಳು, ಇಬ್ಬರು ಸಂತರು

ವಾಣಿಜ್ಯಶಾಸ್ತ್ರವನ್ನು ಅಭ್ಯಾಸಮಾಡಿದವರಿಗೆಲ್ಲ ಲೂಕಾ ಪಾಚೋಲಿಯ ಹೆಸರು ಪರಿಚಿತ. ಜಮೆಗೊಂದು ಖರ್ಚು, ಖರ್ಚಿಗೊಂದು ಜಮೆ ಎಂಬ ದ್ವಿನಮೂದು ಲೆಕ್ಕಪದ್ಧತಿಯನ್ನು ವಿವರಿಸಿದ ಮೊದಲ ಮುದ್ರಿತ ಗ್ರಂಥ ಅವನದು. ಅದು 1494ರಲ್ಲಿ ವೆನಿಸ್ ನಗರದಲ್ಲಿ ಪ್ರಕಟವಾಯಿತು. ಬಿ.ಕಾಂ. ಪರೀಕ್ಷೆಗೆಂದು ಇಷ್ಟನ್ನು ಕಂಠಪಾಠ ಮಾಡಿದ್ದ ನನಗೆ ಬಹುಕಾಲದವರೆಗೆ ತಿಳಿಯದೆ ಉಳಿದ ಸಂಗತಿಯೆಂದರೆ, ಈ ಪಾಚೋಲಿ ಗೃಹಸ್ಥನಲ್ಲ, ವರ್ತಕನೂ ಅಲ್ಲ. ಅಸಿಸಿಯ ಸಂತ ಫ್ರಾನ್ಸಿಸರು ಸ್ಥಾಪಿಸಿದ ಸಂಘಕ್ಕೆ ಸೇರಿದ ಸಂನ್ಯಾಸಿ. ತನ್ನ ಶಿಷ್ಯರು ನಾಣ್ಯವನ್ನು ಸ್ವೀಕರಿಸಲೇಬಾರದೆಂದು ಕಟ್ಟಳೆ ಮಾಡಿದ ಗುರುವಿನ ಪರಂಪರೆಯಲ್ಲಿ ಹುಟ್ಟಿದವನು ಜಗತ್ತಿನ ವರ್ತಕರಿಗೆ ಲೆಕ್ಕ ಬರೆಯುವ ಕ್ರಮವನ್ನು ಕಲಿಸಿದನು. ಈ ವಿಚಿತ್ರವೇ ನನ್ನನ್ನು ಕ್ಯಾಥೋಲಿಕ್ ಸಂತರ ಚರಿತ್ರೆಯತ್ತ ಸೆಳೆಯಿತು. ಅಲ್ಲಿ ನನಗೆ ಒಬ್ಬರಲ್ಲ, ಇಬ್ಬರು ಬಟ್ಟೆ ವ್ಯಾಪಾರಿಗಳು ದೊರೆತರು. ಒಬ್ಬರು ಅಂಗಡಿಯನ್ನು ತೊರೆದು ಸಂತರಾದವರು. ಇನ್ನೊಬ್ಬರು ಮನೆ, ಮಡದಿ, ಊರುಗಳನ್ನು ಬಿಡದೆಯೇ ಸಂತರಾದವರು.

ಅವರ ಕಾಲವನ್ನು ಮೊದಲು ಅರಿಯಬೇಕು. ಹನ್ನೆರಡನೆಯ ಶತಮಾನದ ಇಟಲಿಯಲ್ಲಿ ನಗರಗಳು ಬೆಳೆದು, ತಮ್ಮ ಆಡಳಿತವನ್ನು ತಾವೇ ವಹಿಸಿಕೊಳ್ಳತೊಡಗಿದ್ದವು. ಅಲ್ಲಿನ ವರ್ತಕರು ಆಲ್ಪ್ಸ್ ಪರ್ವತಗಳನ್ನು ದಾಟಿ ಫ್ರಾನ್ಸಿನ ಜಾತ್ರೆಗಳವರೆಗೆ ಹೋಗಿ ಬಟ್ಟೆ ತರುತ್ತಿದ್ದರು. ನಾಣ್ಯದ ಚಲಾವಣೆ ಹೆಚ್ಚಿತು. ಅದರೊಡನೆ ಬಡ್ಡಿ, ಸಾಲ, ಜಗಳಗಳೂ ಹೆಚ್ಚಿದವು. ಧರ್ಮಾಧಿಕಾರಿಗಳು ಈ ಹೊಸ ಸಂಪತ್ತನ್ನು ಶಂಕೆಯಿಂದಲೇ ನೋಡಿದರು. ವರ್ತಕನು ದೇವರಿಗೆ ಮೆಚ್ಚುಗೆಯಾಗುವುದು ದುರ್ಲಭವೆಂಬ ಅಭಿಪ್ರಾಯವು ಚರ್ಚಿನ ಧರ್ಮಶಾಸನಗಳ ಸಂಕಲನದೊಳಗೂ ಸೇರಿಕೊಂಡಿತು. 1179ರಲ್ಲಿ ರೋಮಿನಲ್ಲಿ ನಡೆದ ಮೂರನೆಯ ಲ್ಯಾಟರನ್ ಮಹಾಸಭೆಯು, ಬಹಿರಂಗವಾಗಿ ಬಡ್ಡಿವ್ಯವಹಾರ ನಡೆಸುವವರಿಗೆ ಪರಮಪ್ರಸಾದವನ್ನೂ, ಅದೇ ಪಾಪದಲ್ಲಿ ಸತ್ತರೆ ಕ್ರೈಸ್ತ ವಿಧಿಯ ಸಮಾಧಿಯನ್ನೂ ಕೊಡಕೂಡದೆಂದು ವಿಧಿಸಿತು. ಅಷ್ಟೇ ಅಲ್ಲ, ಅಂಥವರ ಕಾಣಿಕೆಯನ್ನು ಸ್ವೀಕರಿಸಕೂಡದೆಂದೂ ಸೇರಿಸಿತು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇಂಥ ವಾತಾವರಣದಲ್ಲಿ, ಪೋ ನದಿಯ ದಡದಲ್ಲಿರುವ ಕ್ರೆಮೋನಾ ನಗರದಲ್ಲಿ ಬಾಳಿದವರು ಹೋಮೋಬೋನಸ್. ಇಟಲಿಯ ಭಾಷೆಯಲ್ಲಿ ಓಮೋಬೋನೋ. 'ಒಳ್ಳೆಯ ಮನುಷ್ಯ' ಎಂಬುದೇ ಆ ಹೆಸರಿನ ಅರ್ಥ. ಅವರು ಹೊಲಿಗೆಯನ್ನೂ ಬಟ್ಟೆಯ ವ್ಯಾಪಾರವನ್ನೂ ನಡೆಸಿದ ಗೃಹಸ್ಥರು. ದಿನವೂ ದೇವಾಲಯಕ್ಕೆ ಹೋಗುವುದು, ರಾತ್ರಿಯ ಪ್ರಾರ್ಥನೆಯನ್ನು ತಪ್ಪಿಸದಿರುವುದು, ಬಡವರನ್ನು ಮನೆಗೇ ಕರೆತಂದು ಉಪಚರಿಸುವುದು, ನಗರದಲ್ಲಿ ಪಕ್ಷ ಪಕ್ಷಗಳು ಹೊಡೆದಾಡುವಾಗ ನಡುವೆ ನಿಂತು ಸಂಧಾನ ಮಾಡುವುದು - ಇವೇ ಅವರ ಸಾಧನೆಗಳು. ಅವರ ದಾನವು ಮಿತಿಮೀರಿತೆಂದು ಹೆಂಡತಿ ಬೇಸರಗೊಳ್ಳುತ್ತಿದ್ದಳೆಂದು ಚರಿತ್ರೆಕಾರರು ಬರೆದಿದ್ದಾರೆ. ವಯಸ್ಸಾದಂತೆ ಅವರು ವ್ಯಾಪಾರದಿಂದ ಹಿಂದೆ ಸರಿದು ದಾನಕಾರ್ಯಕ್ಕೇ ಹೆಚ್ಚು ಕಾಲವನ್ನು ಕೊಟ್ಟರೆಂದೂ ಹೇಳುತ್ತಾರೆ. ಆದರೆ ಯಾವ ಮಠವನ್ನೂ ಸೇರಲಿಲ್ಲ. ಯಾವ ದೀಕ್ಷೆಯನ್ನೂ ಪಡೆಯಲಿಲ್ಲ.

1197ರ ನವೆಂಬರ್ 13ರಂದು, ಸಂತ ಈಜಿಡಿಯೋ ದೇವಾಲಯದಲ್ಲಿ ಬಲಿಪೂಜೆ ನಡೆಯುತ್ತಿದ್ದಾಗ, ಹೋಮೋಬೋನಸರು ಎರಡೂ ತೋಳುಗಳನ್ನು ಶಿಲುಬೆಯಾಕಾರದಲ್ಲಿ ಚಾಚಿ ನೆಲಕ್ಕೊರಗಿದರು. ಅದು ಅವರ ಎಂದಿನ ಪ್ರಾರ್ಥನೆಯ ಭಂಗಿಯಾಗಿದ್ದುದರಿಂದ ಯಾರೂ ಗಮನಿಸಲಿಲ್ಲ. ಪೂಜೆಯ ಮಧ್ಯೆ ಎಲ್ಲರೂ ಎದ್ದು ನಿಂತಾಗ ಅವರು ಏಳದಿರುವುದನ್ನು ಕಂಡ ಮೇಲೆಯೇ ಪ್ರಾಣ ಹೋಗಿರುವುದು ತಿಳಿಯಿತು. ಕ್ರೆಮೋನಾದ ಬಿಷಪ್ ಸಿಕಾರ್ಡೋ ರೋಮಿಗೆ ಹೋಗಿ ಮನವಿ ಸಲ್ಲಿಸಿದರು. 1199ರ ಜನವರಿ 12ರಂದು ಪೋಪ್ ಮೂರನೆಯ ಇನ್ನೊಸೆಂಟರು ಅವರನ್ನು ಸಂತರೆಂದು ಘೋಷಿಸಿದರು. ಅಂದಿನವರೆಗೆ ಸಂತ ಪದವಿ ಪಡೆದವರಲ್ಲಿ ಬಹುಪಾಲು ಹುತಾತ್ಮರು, ಬಿಷಪ್ಪರು, ಮಠವಾಸಿಗಳು, ಅರಸರು. ಅವರ ಸಾಲಿನಲ್ಲಿ, ತೀರಿಕೊಂಡು ಹದಿನಾಲ್ಕು ತಿಂಗಳೂ ತುಂಬದ ಒಬ್ಬ ಬಟ್ಟೆ ವ್ಯಾಪಾರಿ! ಆ ಘೋಷಣಾಪತ್ರದಲ್ಲಿ ಪೋಪರು ಸಂತತ್ವಕ್ಕೆ ಎರಡು ಪ್ರಮಾಣಗಳು ಬೇಕೆಂದರು: ಬದುಕಿದ್ದಾಗ ನಡತೆಯ ಶುದ್ಧಿ, ಸತ್ತ ಬಳಿಕ ಪವಾಡದ ಸಾಕ್ಷಿ. ಪವಾಡವೊಂದೇ ಸಾಲದು. ವರ್ತಕರೂ ದರ್ಜಿಗಳೂ ಇಂದಿಗೂ ಹೋಮೋಬೋನಸರನ್ನು ತಮ್ಮ ಪಾಲಕ ಸಂತರೆಂದು ಗೌರವಿಸುತ್ತಾರೆ.

ಅವರು ಸಂತರಾದ ವರ್ಷದಲ್ಲಿ, ದಕ್ಷಿಣಕ್ಕೆ ಉಂಬ್ರಿಯಾ ಪ್ರಾಂತದ ಅಸಿಸಿಯಲ್ಲಿ, ಇನ್ನೊಬ್ಬ ಬಟ್ಟೆ ವ್ಯಾಪಾರಿಯ ಮಗ ಹದಿನೇಳು ಹದಿನೆಂಟರ ತರುಣನಾಗಿದ್ದನು. ಆತನೇ ಫ್ರಾನ್ಸಿಸ್. ತಂದೆ ಪಿಯೆತ್ರೋ ಬೆರ್ನಾರ್ದೋನೆ ಶ್ರೀಮಂತ. ಮಗನಿಗೆ ಒಳ್ಳೆಯ ಉಡುಪು, ಗೆಳೆಯರ ಕೂಟ, ಕೈತುಂಬ ಖರ್ಚು. ಆದರೂ ಒಳಗೊಂದು ಮಾರ್ದವತೆ ಇತ್ತು. ಒಂದು ದಿನ ಅಂಗಡಿಯಲ್ಲಿ ವ್ಯಾಪಾರದ ಭರದಲ್ಲಿದ್ದಾಗ, ದೇವರ ಹೆಸರಿನಲ್ಲಿ ಬೇಡಿದ ಭಿಕ್ಷುಕನೊಬ್ಬನನ್ನು ಬರಿಗೈಯಲ್ಲಿ ಕಳಿಸಿದರಂತೆ. ಮರುಕ್ಷಣವೇ ಮನಸ್ಸು ಚುಚ್ಚಿತು. ಒಬ್ಬ ದೊಡ್ಡ ಮನುಷ್ಯನ ಹೆಸರು ಹೇಳಿ ಕೇಳಿದ್ದರೆ ಕೊಡುತ್ತಿದ್ದೆನಲ್ಲವೆ ಎಂದು ತಮ್ಮನ್ನೇ ಹಳಿದುಕೊಂಡರು. 1202ರಲ್ಲಿ ನೆರೆಯ ಪೆರೂಜಾ ನಗರದೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಬಂಧನದಲ್ಲಿದ್ದರು. ಬಿಡುಗಡೆಯ ನಂತರ ದೀರ್ಘ ಕಾಯಿಲೆ. ಅನಂತರದ ಫ್ರಾನ್ಸಿಸ್ ಬೇರೆಯೇ ವ್ಯಕ್ತಿ. ಯಾರನ್ನು ಕಂಡರೆ ಅಸಹ್ಯಪಡುತ್ತಿದ್ದರೋ ಆ ಕುಷ್ಠರೋಗಿಗಳ ಸೇವೆಗೆ ನಿಂತರು.

ಇಲ್ಲಿಂದ ಮುಂದಿನ ಪ್ರಸಂಗವೇ ವರ್ತಕನು ಮತ್ತೆ ಮತ್ತೆ ಓದಬೇಕಾದದ್ದು. ಊರಾಚೆಯ ಸಾನ್ ದಾಮಿಯಾನೋ ಎಂಬ ದೇವಾಲಯ ಜೀರ್ಣವಾಗಿತ್ತು. ಅಲ್ಲಿ ಪ್ರಾರ್ಥಿಸುತ್ತಿದ್ದ ಫ್ರಾನ್ಸಿಸರಿಗೆ, ನನ್ನ ಮನೆಯನ್ನು ದುರಸ್ತಿಗೊಳಿಸು ಎಂಬ ದೈವವಾಣಿ ಕೇಳಿದಂತಾಯಿತು. ಅವರು ಕೂಡಲೇ ತಂದೆಯ ಅಂಗಡಿಯಿಂದ ಬೆಲೆಬಾಳುವ ಬಟ್ಟೆಗಳನ್ನು ಕುದುರೆಯ ಮೇಲೆ ಹೇರಿಕೊಂಡು ಫೊಲಿನ್ಯೋ ಎಂಬ ಊರಿಗೆ ಹೋದರು. ಬಟ್ಟೆಯನ್ನೂ ಕುದುರೆಯನ್ನೂ ಮಾರಿದರು. ಬಂದ ಹಣವನ್ನು ತಂದು ಆ ದೇವಾಲಯದ ಬಡ ಪಾದ್ರಿಯ ಮುಂದೆ ಹಿಡಿದರು. ಪಾದ್ರಿ ಆ ಹಣವನ್ನು ಮುಟ್ಟಲಿಲ್ಲ. ಫ್ರಾನ್ಸಿಸರು ಅದನ್ನು ಕಿಟಕಿಯ ಮೇಲೆಸೆದರು.

ಉದ್ದೇಶ ಪವಿತ್ರವಾದುದು, ಸಂದೇಹವಿಲ್ಲ. ಆದರೆ ಸರಕು ಯಾರದು? ತಂದೆಯದು. ಅನುಮತಿ ಇತ್ತೆ? ಇರಲಿಲ್ಲ. ಕೊಡದಿರುವುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರಗಳು ಇಟ್ಟಿರುವ ಹೆಸರು ಅದತ್ತಾದಾನ. ಮುಂದೆ ಜಗದ್ವಂದ್ಯರಾದ ಸಂತರ ಧರ್ಮಜೀವನವು ಒಂದು ಅದತ್ತಾದಾನದಿಂದ ಆರಂಭವಾಯಿತೆಂದರೆ ಅವರ ಭಕ್ತರಿಗೆ ನೋವಾಗದಿರಲಿ. ಅವರ ಚರಿತ್ರೆಕಾರರೇ ಈ ಸಂಗತಿಯನ್ನು ಮುಚ್ಚಿಡಲಿಲ್ಲ ಎಂಬುದು ಆ ಪರಂಪರೆಯ ಹಿರಿಮೆ.

ತಂದೆ ದೂರು ಕೊಟ್ಟನು. 1206ರ ಸುಮಾರಿನಲ್ಲಿ ಅಸಿಸಿಯ ಬಿಷಪ್ ಗ್ವಿದೋ ಅವರ ಮುಂದೆ ವಿಚಾರಣೆ ನಡೆಯಿತು. ಬಿಷಪ್ಪರು ಚರ್ಚಿನ ಪ್ರತಿನಿಧಿ. ಹಣ ಬಂದಿದ್ದುದು ಚರ್ಚಿನ ಕಟ್ಟಡಕ್ಕೆ. ಅವರು ಮಗನ ಪಕ್ಷವನ್ನು ವಹಿಸಬಹುದಾಗಿತ್ತು. ಆದರೆ ಅವರು ಹೇಳಿದ್ದು ಬೇರೆ: ಹಣವನ್ನು ತಂದೆಗೆ ಹಿಂದಿರುಗಿಸು, ಅನ್ಯಾಯದಿಂದ ಬಂದಿರಬಹುದಾದ ಹಣವು ದೇವರ ಕಾರ್ಯಕ್ಕೆ ಬೇಡ. ಲ್ಯಾಟರನ್ ಸಭೆಯ ಆ ಕೊನೆಯ ವಿಧಿಯ ನೆರಳು ಈ ತೀರ್ಪಿನಲ್ಲಿ ನನಗೆ ಕಾಣುತ್ತದೆ. ಫ್ರಾನ್ಸಿಸರು ಹಣವನ್ನಷ್ಟೇ ಅಲ್ಲ, ಮೈಮೇಲಿನ ಬಟ್ಟೆಗಳನ್ನೂ ಕಳಚಿ ತಂದೆಯ ಮುಂದಿಟ್ಟು, ಇನ್ನು ತನಗೆ ಪರಲೋಕದ ತಂದೆಯೊಬ್ಬನೇ ಎಂದರು. ಬಿಷಪ್ಪರು ತಮ್ಮ ಮೇಲಂಗಿಯಿಂದ ಆ ಬೆತ್ತಲೆ ದೇಹವನ್ನು ಮುಚ್ಚಿದರು. ಚಿತ್ರಕಾರರು ಈ ದೃಶ್ಯವನ್ನು ತ್ಯಾಗದ ಶಿಖರವೆಂದು ಬಣ್ಣಿಸಿದ್ದಾರೆ. ಆದರೆ ತ್ಯಾಗಕ್ಕೆ ಮುನ್ನ ಅಲ್ಲಿ ನಡೆದದ್ದು ಮರುಪಾವತಿ. ತನ್ನದಲ್ಲದ್ದನ್ನು ಹಿಂದಿರುಗಿಸಿದ ಮೇಲೆಯೇ ಅವರು ತನ್ನದನ್ನು ಬಿಟ್ಟರು.

ಈ ಪ್ರಸಂಗವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ಸಂಕೋಚದಿಂದಲೇ ನಿವೇದಿಸುತ್ತೇನೆ. ನಾನು ಅಂಗಡಿಯಲ್ಲಿ ಹೊಸದಾಗಿ ಕುಳಿತ ವರ್ಷಗಳಲ್ಲಿ, ಹಳ್ಳಿಯ ಒಬ್ಬ ಚಿಲ್ಲರೆ ವ್ಯಾಪಾರಿಯು ಕಟ್ಟಿದ ಮೊತ್ತವೊಂದು ಅವರ ಖಾತೆಗೆ ಜಮಾ ಆಗದೆ ಉಳಿದಿತ್ತು. ಕೇಳಿದಾಗ ಅವರು, ಕೊಟ್ಟಿದ್ದೇನೆ ಎಂದರು. ನಾನು ಪುಸ್ತಕವನ್ನು ತೋರಿಸಿದೆ. ಅವರು ಎದುರಾಡದೆ ಇನ್ನೊಮ್ಮೆ ಕೊಟ್ಟರು. ವರ್ಷದ ಕೊನೆಯಲ್ಲಿ ತಾಳೆ ನೋಡುವಾಗ ತಪ್ಪು ನನ್ನದೆಂದು ತಿಳಿಯಿತು. ಅಷ್ಟರಲ್ಲಿ ಅವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಆ ಮೊತ್ತವನ್ನು ನಾನು ಧರ್ಮಖಾತೆಗೆ ವರ್ಗಾಯಿಸಿ, ಅನ್ನದಾನಕ್ಕೆ ಕೊಟ್ಟು, ಋಣ ತೀರಿತೆಂದು ಭಾವಿಸಿದ್ದೆ. ಬಿಷಪ್ ಗ್ವಿದೋ ಅವರ ತೀರ್ಪು ನನ್ನ ಈ ಜಾಣತನವನ್ನು ಬಯಲಿಗೆಳೆಯಿತು. ಪರರ ಹಣದಿಂದ ನಾನು ಪುಣ್ಯವನ್ನು ಕೊಂಡಿದ್ದೆ.

ವಿಚಾರಿಸಿದಾಗ ಅವರು ತೀರಿಕೊಂಡಿದ್ದರೆಂದು ತಿಳಿಯಿತು; ಮಗ ಬೇರೊಂದು ಊರಿನಲ್ಲಿದ್ದರು. ಹೋಗಿ, ಮೊತ್ತವನ್ನು ಬಡ್ಡಿಸಹಿತ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಆತ ಹಣವನ್ನು ನೋಡಲಿಲ್ಲ. "ನಮ್ಮಪ್ಪ ಕೊನೆಯವರೆಗೂ, ಎರಡು ಸಲ ಕೊಟ್ಟೆ ಎಂದೇ ಹೇಳುತ್ತಿದ್ದರು. ಲೆಕ್ಕ ಮರೆತಿದ್ದಾರೆ ಅಂತ ನಾವೇ ನಂಬಲಿಲ್ಲ ಸ್ವಾಮಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ನಾನು ತೆಗೆದುಕೊಂಡಿದ್ದು ಹಣವನ್ನು ಮಾತ್ರವಲ್ಲ, ಆ ಮನುಷ್ಯನ ಮಾತಿನ ಬೆಲೆಯನ್ನು ಎಂಬುದು ಆಗ ತಿಳಿಯಿತು. ಅದನ್ನು ಯಾವ ಧರ್ಮಖಾತೆಗೂ ವರ್ಗಾಯಿಸಲು ಬರುವುದಿಲ್ಲ.

ಮತ್ತೆ ಚರಿತ್ರೆಗೆ ಬರೋಣ. ಹೋಮೋಬೋನಸರನ್ನು ಸಂತರೆಂದು ಘೋಷಿಸಿದ ಅದೇ ಇನ್ನೊಸೆಂಟ್ ಪೋಪರು 1209ರಲ್ಲಿ ಫ್ರಾನ್ಸಿಸರ ಪುಟ್ಟ ಸಂಘಕ್ಕೆ ಬಾಯಿಮಾತಿನ ಸಮ್ಮತಿಯಿತ್ತರು. ದುಡಿದು ತಿನ್ನಬೇಕು; ದುಡಿಮೆಗೆ ಅನ್ನವನ್ನು ಪಡೆಯಬಹುದು, ನಾಣ್ಯವನ್ನಲ್ಲ; ಮನೆ ಸ್ಥಳಗಳು ತಮ್ಮವಾಗಕೂಡದು - ಇವು ಆ ಸಂಘದ ಕಟ್ಟಳೆಗಳು. ನಾಣ್ಯವೊಂದನ್ನು ಮುಟ್ಟಿದ ಸೋದರನಿಗೆ, ಅದನ್ನು ಬಾಯಿಂದ ಕಚ್ಚಿಕೊಂಡು ಹೋಗಿ ಕತ್ತೆಯ ಲದ್ದಿಯ ಮೇಲಿಡುವಂತೆ ಫ್ರಾನ್ಸಿಸರು ಆಜ್ಞಾಪಿಸಿದರೆಂದು ಚೆಲಾನೋದ ಥಾಮಸ್ ಬರೆದಿದ್ದಾನೆ. 1226ರ ಅಕ್ಟೋಬರ್ 3ರಂದು ಅವರು ದೇಹವಿಟ್ಟರು. 1228ರಲ್ಲಿ ಸಂತ ಪದವಿ ದೊರೆಯಿತು. ಅದೇ ವರ್ಷ ಅವರ ಹೆಸರಿನಲ್ಲಿ ಅಸಿಸಿಯಲ್ಲಿ ಭವ್ಯ ದೇವಾಲಯಕ್ಕೆ ಅಡಿಗಲ್ಲು ಬಿತ್ತು!

ಮುಂದಿನ ಬೆಳವಣಿಗೆಯನ್ನು ಲೆಕ್ಕ ಬಲ್ಲವರು ಗಮನಿಸಬೇಕು. ಸಂಘ ಬೆಳೆಯಿತು, ಕಟ್ಟಡಗಳು, ಪುಸ್ತಕಗಳು, ದತ್ತಿಗಳು ಬಂದವು, ಆದರೆ ನಿಯಮದಂತೆ ಒಡೆತನ ಕೂಡದು. ಆದುದರಿಂದ 1245ರಲ್ಲಿ ಆಸ್ತಿಯೆಲ್ಲ ಪೋಪರದು, ಸಂನ್ಯಾಸಿಗಳಿಗೆ ಉಪಯೋಗ ಮಾತ್ರ ಎಂಬ ಏರ್ಪಾಡಾಯಿತು. 1322ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನರು ಈ ಒಡೆತನವನ್ನು ತ್ಯಜಿಸಿದರು. ತಿಂದು ಮುಗಿಸುವ ಅನ್ನದಲ್ಲಿ ಉಪಯೋಗವನ್ನು ಒಡೆತನದಿಂದ ಬೇರ್ಪಡಿಸುವುದು ಹೇಗೆ ಎಂಬುದು ಅವರ ವಾದ. ಕಟ್ಟುನಿಟ್ಟಾದ ಬಡತನವನ್ನು ಬಿಡಲೊಪ್ಪದ ನಾಲ್ವರು ಸೋದರರನ್ನು ಅದಕ್ಕೂ ಮೊದಲೇ, 1318ರಲ್ಲಿ, ಮಾರ್ಸೇಯ್ ನಗರದಲ್ಲಿ ಸುಡಲಾಗಿತ್ತು. ವಸ್ತುವನ್ನು ಇನ್ನೊಬ್ಬರ ಹೆಸರಿಗೆ ಬರೆದ ಮಾತ್ರಕ್ಕೆ ಪರಿಗ್ರಹ ನೀಗುವುದಿಲ್ಲ. ಈ ಎಚ್ಚರಿಕೆ ಆ ಸಂಘಕ್ಕೆ ಮಾತ್ರ ಸೀಮಿತವಲ್ಲ; ನ್ಯಾಸ, ಪ್ರತಿಷ್ಠಾನಗಳ ಹೆಸರಿನಲ್ಲಿ ಆಸ್ತಿಯನ್ನಿಟ್ಟು ನಿರಾಳವಾಗಿರುವ ನಾವೆಲ್ಲರೂ ಕೇಳಿಸಿಕೊಳ್ಳಬೇಕಾದುದು.

ಈ ಇಬ್ಬರಲ್ಲಿ ಯಾರ ದಾರಿ ಮೇಲು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ತೋರುವುದಿಲ್ಲ. ಸಂನ್ಯಾಸ ಎಲ್ಲರಿಗೂ ಸಾಧ್ಯವಲ್ಲ. ವ್ಯಾಪಾರ ಎಲ್ಲರನ್ನೂ ಕೆಡಿಸಲೇಬೇಕೆಂದಿಲ್ಲ. ಇಬ್ಬರಿಗೂ ಸಮಾನವಾದುದೊಂದಿದೆ: ನಂಬಿಕೆಯನ್ನು ಅವರು ಪೂಜೆಯ ಹೊತ್ತಿಗೆ ಮಾತ್ರ ಮೀಸಲಿಡಲಿಲ್ಲ, ಹಣ ಕೈಯಿಂದ ಕೈಗೆ ಹೋಗುವ ಜಾಗದಲ್ಲಿ ಅದನ್ನು ಒರೆಗೆ ಹಚ್ಚಿದರು.

ಪಾಚೋಲಿಯು ತನ್ನ ಗ್ರಂಥದಲ್ಲಿ, ಲೆಕ್ಕದ ಪುಸ್ತಕವನ್ನು ಶಿಲುಬೆಯ ಗುರುತಿನಿಂದಲೂ ದೇವರ ಹೆಸರಿನಿಂದಲೂ ಆರಂಭಿಸಬೇಕೆಂದು ವರ್ತಕರಿಗೆ ಬೋಧಿಸಿದ್ದಾನೆ. ನಾವೂ ಹೊಸ ಖಾತೆಯ ತಲೆಯ ಮೇಲೆ 'ಶ್ರೀ' ಬರೆದೇ ಮುಂದುವರಿಯುತ್ತೇವೆ. ವರ್ಷದ ಲೆಕ್ಕವನ್ನು ಮುಗಿಸುವ ಮುನ್ನ, ಬಂಧುಗಳೆ, ಧರ್ಮಖಾತೆಯ ಪುಟಕ್ಕೆ ಹಿಂದೆ ಇನ್ನೊಂದು ಪುಟವನ್ನು ತೆರೆಯೋಣ. 'ಹಿಂದಿರುಗಿಸಬೇಕಾದದ್ದು' ಎಂದು ಅದಕ್ಕೆ ಹೆಸರಿಡೋಣ. ಆ ಪುಟ ಬರಿದಾದ ಮೇಲೆ ಮಾಡಿದ ದಾನವಷ್ಟೇ ನಮ್ಮ ದಾನ.