ನವೆಂಬರ್ 1: ಒಂದೇ ದಿನ, ಹಲವು ಚರಿತ್ರೆ

ಶಿವಮೊಗ್ಗ ಮತ್ತು ಭದ್ರಾವತಿಯ ಕ್ರೈಸ್ತ ಬಾಂಧವರಿಗೆ ನವೆಂಬರ್ 1 ಎರಡು ಹಬ್ಬಗಳ ದಿನ. ಒಂದು ಧರ್ಮಸಭೆಯ ಸಕಲ ಸಂತರ ಮಹೋತ್ಸವ, ಮತ್ತೊಂದು ಕನ್ನಡ ನಾಡಿನ ರಾಜ್ಯೋತ್ಸವ. ಇವೆರಡೂ ಒಂದೇ ದಿನ ಕೂಡಿಬಂದುದು ಕೇವಲ ಆಕಸ್ಮಿಕ. ಆದರೂ ಆ ದಿನಾಂಕದ ಚರಿತ್ರೆಯನ್ನು ಅವಲೋಕಿಸಿದಾಗ ಸ್ವಾರಸ್ಯಕರವಾದ ಅನೇಕ ಸಂಗತಿಗಳು ಗೋಚರಿಸುತ್ತವೆ.

1512ರ ಇದೇ ದಿನ ಮೈಕೆಲ್ಯಾಂಜೆಲೊ ಚಿತ್ರಿಸಿದ ರೋಮಿನ ಸಿಸ್ಟೈನ್ ಪ್ರಾರ್ಥನಾಲಯದ ಛಾವಣಿ ಜನರ ದರ್ಶನಕ್ಕೆ ತೆರೆಯಿತು. 1755ರ ಇದೇ ದಿನ ಬೆಳಿಗ್ಗೆ, ಜನರು ಬಲಿಪೂಜೆಗೆಂದು ದೇವಾಲಯಗಳಲ್ಲಿ ನೆರೆದಿದ್ದಾಗ, ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ತುತ್ತಾಯಿತು. ಹಬ್ಬಕ್ಕಾಗಿ ಬೆಳಗಿಸಿದ್ದ ಮೇಣದ ಬತ್ತಿಗಳೇ ಉರುಳಿ ಬೆಂಕಿ ಹಬ್ಬಲು ಕಾರಣವಾದವು. ಅತ್ತ ಸಮುದ್ರವೂ ಉಕ್ಕಿ ಬಂದಿತು. 1950ರ ಇದೇ ದಿನ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಘೋಷಿಸಿದರು.

ಇನ್ನು ನಮ್ಮ ನಾಡಿನ ವಿಷಯ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದವು. ಹಿಂದಿನ ದಿನದವರೆಗೂ ಶಿವಮೊಗ್ಗ ಜಿಲ್ಲೆ ಗಡಿ ಜಿಲ್ಲೆಯಾಗಿತ್ತು. ಸೊರಬದ ಆಚೆಗೆ ಮುಂಬಯಿ ರಾಜ್ಯ. ಆಗುಂಬೆ ಘಾಟಿ ಇಳಿದರೆ ಮದರಾಸು ರಾಜ್ಯ. ಜೋಗದಲ್ಲಿ ಶರಾವತಿಯ ಒಂದು ದಡ ಮೈಸೂರಿನದು, ಇನ್ನೊಂದು ಮುಂಬಯಿಯದು. ಕರಾವಳಿಯಿಂದ ಘಟ್ಟ ಹತ್ತಿ ಇತ್ತ ಬಂದು ನೆಲೆಸಿದ ಹಿರಿಯರು ಅಂದು ಒಂದು ರಾಜ್ಯವನ್ನೇ ದಾಟಿ ಬಂದವರು. ನವೆಂಬರ್ 1ರ ಬೆಳಗಾಗುವಷ್ಟರಲ್ಲಿ ಅವರ ತವರೂರೂ ಈ ಊರೂ ಒಂದೇ ರಾಜ್ಯದಲ್ಲಿದ್ದವು.

ಮತ್ತೊಂದು ವಿಶೇಷವೆಂದರೆ, ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕಡಿದಾಳು ಮಂಜಪ್ಪನವರು. 1956ರ ಆಗಸ್ಟ್ 19ರಂದು ಅಧಿಕಾರ ವಹಿಸಿಕೊಂಡ ಅವರು ಅಕ್ಟೋಬರ್ 31ರವರೆಗೆ ಆ ಸ್ಥಾನದಲ್ಲಿದ್ದರು. ಮರುದಿನ ಎಸ್. ನಿಜಲಿಂಗಪ್ಪನವರು ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು.

ಆ ಸಂತೋಷ ಎಲ್ಲರ ಪಾಲಿಗೂ ಬರಲಿಲ್ಲ. ಅದೇ ದಿನ ರೂಪುಗೊಂಡ ಕೇರಳಕ್ಕೆ ಕಾಸರಗೋಡು ಸೇರಿಹೋಯಿತು. ಆದರೆ ಅಲ್ಲಿಯ ಹಲವು ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಉಳಿದವು. ರಾಜ್ಯದ ಗಡಿ ಬೇರೆ, ಧರ್ಮಪ್ರಾಂತ್ಯದ ಗಡಿ ಬೇರೆ ಎಂಬುದಕ್ಕೆ ಇದೊಂದು ನಿದರ್ಶನ.

ಒಂದುಗೂಡಿದ ನಾಡಿಗೆ 'ಕರ್ನಾಟಕ' ಎಂಬ ಹೆಸರು ದೊರೆತದ್ದು ಹದಿನೇಳು ವರ್ಷಗಳ ಅನಂತರ, 1973ರ ನವೆಂಬರ್ 1ರಂದು, ದೇವರಾಜ ಅರಸು ಅವರ ಕಾಲದಲ್ಲಿ. ಆ ಹೆಸರಿಗಾಗಿ ದನಿಯೆತ್ತಿದ್ದ ತೀರ್ಥಹಳ್ಳಿ ಸೀಮೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಆ ದಿನವನ್ನು ಕಾಣಲಿಲ್ಲ. 1972ರಲ್ಲಿಯೇ ಅವರು ತೀರಿಕೊಂಡಿದ್ದರು.

2014ರ ನವೆಂಬರ್ 1 ನಮ್ಮ ನಗರದ ಸರದಿ. ಕನ್ನಡಿಗರ ಬಾಯಲ್ಲಿ ಎಂದೆಂದೂ ಶಿವಮೊಗ್ಗವೇ ಆಗಿದ್ದ ಊರು ಇಂಗ್ಲಿಷ್ ಬರಹದಲ್ಲಿ 'ಶಿಮೊಗ' ಆಗಿತ್ತು. ಅಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಬದಲಾದಾಗ ಇದೂ ತನ್ನ ಸ್ವಂತ ಹೆಸರನ್ನು ಮರಳಿ ಪಡೆಯಿತು. ಭದ್ರಾವತಿಗೆ ಇಂಥ ತಿದ್ದುಪಡಿ ಬೇಕಾಗಲಿಲ್ಲ. ಹಿಂದೆ ಬೆಂಕಿಪುರವಾಗಿದ್ದ ಆ ಊರು ಬಹು ಮೊದಲೇ ಭದ್ರಾ ನದಿಯ ಹೆಸರನ್ನು ತಳೆದಿತ್ತು. ಬೆಂಕಿಪುರವೆಂದು ಕರೆಸಿಕೊಂಡ ನೆಲದಲ್ಲಿಯೇ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತೆಂಬುದು ಇನ್ನೊಂದು ಸೋಜಿಗ.

ಸಕಲ ಸಂತರ ಹಬ್ಬವು ಹೆಸರಾಂತ ಸಂತರಿಗೆ ಮಾತ್ರ ಮೀಸಲಲ್ಲ. ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಪುಣ್ಯಾತ್ಮರನ್ನೂ ಅಂದು ಸ್ಮರಿಸುತ್ತೇವೆ. ನಾಡು ತನ್ನ ಹೆಸರನ್ನು ಪಡೆದ ದಿನವೂ ಅದೇ ಆಗಿರುವುದರಿಂದ, ಅದಕ್ಕಾಗಿ ದುಡಿದು ಫಲ ಕಾಣದೆ ಹೋದವರನ್ನೂ, ಗಡಿಯಾಚೆ ಉಳಿದವರನ್ನೂ ನಮ್ಮ ಪ್ರಾರ್ಥನೆಯಲ್ಲಿ ನೆನೆಯುವುದು ಯುಕ್ತವಾದುದು.