ಬಿಟ್ಟುಹೋದ ಒಂದು ಸಾಲು

ಅಕ್ಟೋಬರ್ 31ರ ಹ್ಯಾಲೋವೀನ್ ಹತ್ತಿರ ಬಂತೆಂದರೆ ಅಮೆರಿಕದ ಟಿವಿಗಳಲ್ಲಿ ಮತ್ತೆ ಮತ್ತೆ ಬರುವ ಕಪ್ಪು-ಬಿಳುಪು ಚಿತ್ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಕಥೆ. 1968ರಲ್ಲಿ ಪಿಟ್ಸ್‌ಬರ್ಗ್‌ನ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರ್‌ನಲ್ಲಿ ಮಾಡಿದ್ದು. ಮೊದಲಿಟ್ಟ ಹೆಸರು 'ನೈಟ್ ಆಫ್ ದಿ ಫ್ಲೆಶ್ ಈಟರ್ಸ್'. ವಿತರಕರು ಹೆಸರು ಬದಲಿಸಿದಾಗ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲೂ ಬಿಟ್ಟುಹೋಯಿತು. ಆ ಸಾಲಿಲ್ಲದ ಚಿತ್ರ ಆಗಿನ ಕಾನೂನಿನಲ್ಲಿ ಸಾರ್ವಜನಿಕ ಸ್ವತ್ತು. ಯಾವ ವಾಹಿನಿ ಬೇಕಾದರೂ ಕಾಸು ಕೊಡದೆ ತೋರಿಸಬಹುದಿತ್ತು, ತೋರಿಸಿದವು.

ಮಾಡಿದವರಿಗೆ ಅನ್ಯಾಯವಾಯಿತು, ನಿಜ. ಆದರೆ ಕಪ್ಪು ವರ್ಣದ ನಟ ಡುವೇನ್ ಜೋನ್ಸ್ ಅವರ ಬೆನ್ ಪಾತ್ರ ಮನೆಮನೆ ಮುಟ್ಟಿದ್ದರಲ್ಲಿ ಈ ಬಿಟ್ಟಿ ಪ್ರಸಾರದ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ. ರಾತ್ರಿಯಿಡೀ ಹೆಣಗಳೊಡನೆ ಸೆಣಸಿ ಬೆನ್ ಒಬ್ಬನೇ ಉಳಿಯುತ್ತಾನೆ. (ಆ ಮನೆಯೊಳಗಿನವರೂ ಸುದ್ದಿಗಾಗಿ ಟಿವಿಯ ಮುಂದೆಯೇ ಕೂತಿರುತ್ತಾರೆ!) ಬೆಳಗಾದಾಗ ಹೆಣಗಳನ್ನು ಕೊಲ್ಲಲು ಬಂದ ಬಿಳಿಯರ ಬಂದೂಕು ಪಡೆ ಅವನನ್ನೂ ಹೆಣವೆಂದು ಬಗೆದು ಗುಂಡಿಕ್ಕುತ್ತದೆ. ಚಿತ್ರ ತೆರೆಕಂಡದ್ದು ಆ ಅಕ್ಟೋಬರಿನಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಅದೇ ಏಪ್ರಿಲಿನಲ್ಲಿ. ಬೆನ್‌ನ ಶವವನ್ನು ಸುಡುವ ರಾಶಿಗೆ ಒಯ್ಯುವುದನ್ನು ಚಿತ್ರ ಪತ್ರಿಕೆಯ ಫೋಟೊಗಳ ಹಾಗೆ ಒಂದೊಂದೇ ಸ್ಥಿರಚಿತ್ರವಾಗಿ ತೋರಿಸುತ್ತದೆ.